ಮಿತ್ರರಾಷ್ಟ್ರಗಳ ಬೆಂಬಲ: ಜಮಾ ಎಷ್ಟು, ಖರ್ಚು ಎಷ್ಟು?



ಬಲಿಷ್ಠ ರಾಷ್ಟ್ರವೊಂದು ಯುದ್ಧಕ್ಕೆ ಹೊರಟಾಗ ಅದಕ್ಕೆ ಮಿತ್ರರ ಅಗತ್ಯವಾದರೂ ಏನು? ಇರಾಕಿನ ವಿರುದ್ಧ ಅಮೆರಿಕ ಹನ್ನೆರಡು ವರ್ಷಗಳ ಅಂತರದಲ್ಲಿ ನಡೆಸಿದ ಎರಡು ಯುದ್ಧಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಮೆರಿಕಕ್ಕೆ ಶಸ್ತ್ರಬಲದ ಕೊರತೆಯಿರಲಿಲ್ಲ. ಆದರೂ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ತಿಂಗಳುಗಟ್ಟಲೆ ಅನ್ಯರಾಷ್ಟ್ರಗಳ ಸಮ್ಮತಿಗಾಗಿ ಶ್ರಮಿಸಿದರು. ನವೆಂಬರ್ 29ರಂದು ಭದ್ರತಾ ಮಂಡಳಿಯು 678ನೆಯ ನಿರ್ಣಯವನ್ನು ಅಂಗೀಕರಿಸಿತು. ಸೌದಿ ಅರೇಬಿಯ ನೆಲೆಯನ್ನೂ, ಬ್ರಿಟನ್, ಫ್ರಾನ್ಸ್, ಈಜಿಪ್ಟ್, ಸಿರಿಯಗಳು ಸೈನ್ಯವನ್ನೂ, ಜಪಾನ್ ಹಾಗೂ ಜರ್ಮನಿ ಧನವನ್ನೂ ಒದಗಿಸಿದವು. ಅಮೆರಿಕಕ್ಕೆ ತಗುಲಿದ ಸುಮಾರು 61 ಶತಕೋಟಿ ಡಾಲರ್ ವೆಚ್ಚದಲ್ಲಿ ಸುಮಾರು 54 ಶತಕೋಟಿಯನ್ನು ಮಿತ್ರರೇ ಭರಿಸಿದರು. ಭೂಯುದ್ಧ ನೂರು ಗಂಟೆಗಳಲ್ಲಿ ಮುಗಿಯಿತು.

ಆದರೆ ಮಿತ್ರರು ಕೊಟ್ಟದ್ದು ಹಣವನ್ನಷ್ಟೇ ಅಲ್ಲ, ಒಂದು ಮೇರೆಯನ್ನೂ ಕೊಟ್ಟರು. ಅವರು ಒಪ್ಪಿದ್ದು ಕುವೈತಿನ ವಿಮೋಚನೆಗೆ ಮಾತ್ರ. ಸೈನ್ಯ ಬಾಗ್ದಾದಿನತ್ತ ಸಾಗದಿರಲು ಅದೂ ಒಂದು ಕಾರಣ. ಈ ಮೇರೆಗೂ ಬೆಲೆಯಿತ್ತು ಎಂಬುದನ್ನು ಮರೆಮಾಚಲಾಗದು. ಆ ವಸಂತದಲ್ಲಿ ದಂಗೆಯೆದ್ದ ಶಿಯಾಗಳನ್ನೂ ಕುರ್ದರನ್ನೂ ಸದ್ದಾಂ ಹುಸೇನ್ ನಿರ್ದಯವಾಗಿ ಹತ್ತಿಕ್ಕಿದನು.

2003ರಲ್ಲಿ ಚಿತ್ರ ಬದಲಾಯಿತು. ಬ್ರಿಟನ್ ಮೊದಲಾದ ಕೆಲವು ರಾಷ್ಟ್ರಗಳು ಜೊತೆಗಿದ್ದವು. ಫ್ರಾನ್ಸ್ ಮತ್ತು ಜರ್ಮನಿ ವಿರೋಧಿಸಿದವು. ಮಾರ್ಚ್ 1ರಂದು ಟರ್ಕಿಯ ಸಂಸತ್ತು ಅಮೆರಿಕದ ಸೇನೆಗೆ ನೆಲವನ್ನು ನಿರಾಕರಿಸಿತು. ಜುಲೈನಲ್ಲಿ ವಾಜಪೇಯಿ ಸರ್ಕಾರವೂ ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಭಾರತದ ಸೈನ್ಯವನ್ನು ಕಳುಹಿಸಲಾಗದೆಂದು ತಿಳಿಸಿತು. ಏಪ್ರಿಲ್ 9ರಂದೇ ಬಾಗ್ದಾದ್ ಪತನವಾಗಿದ್ದರೂ ಅಮೆರಿಕದ ಸೇನೆ ಅಲ್ಲಿಂದ ಹೊರಟದ್ದು 2011ರ ಡಿಸೆಂಬರಿನಲ್ಲಿ. ಈ ಬಾರಿ ವೆಚ್ಚದ ಬಹುಪಾಲು ಅಮೆರಿಕದ ಬೊಕ್ಕಸದ ಮೇಲೆಯೇ ಬಿದ್ದಿತು. ಕಾರಣವೆಂದು ಸಾರಿದ್ದ ಸಮೂಹನಾಶಕ ಅಸ್ತ್ರಗಳ ಸಂಗ್ರಹವಂತೂ ಸಿಗಲೇ ಇಲ್ಲ.

ಮಿತ್ರನ ಒಪ್ಪಿಗೆಯನ್ನು ಬೇಡುವವನು ತನ್ನ ಕಾರಣವನ್ನು ಪರರೆದುರು ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಹಳೆಯ ಮಿತ್ರರೇ ಹಿಂಜರಿದಾಗ ಅದನ್ನು ದ್ರೋಹವೆಂದು ಹಳಿಯುವ ಬದಲು, ಆ ಕಾರಣವನ್ನೇ ಮರಳಿ ತೂಗಿ ನೋಡುವುದು ವಿವೇಕ. ಖರ್ಚಾದ ಹಣವನ್ನು ಕಾಲಾಂತರದಲ್ಲಿ ತುಂಬಿಕೊಳ್ಳಬಹುದು. ಹೋದ ಪ್ರಾಣಗಳನ್ನು ಯಾವ ಖಾತೆಯೂ ತುಂಬಿಕೊಡಲಾರದು.