ಹರಕೆ ತೀರಿಸಲು ಸಾಲ ಬೇಕೇ?

(ತ್ಯಾಗರಾಜನಗರದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವೇಳಾಂಕಣ್ಣಿಗೆ ಹೋಗಿಬರಲು ಸಂಘದಿಂದ ಸಾಲ ಕೊಡಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅದರ ಮೇಲೆ ಸಭೆಯಲ್ಲಿ ಸ್ವಲ್ಪ ಜೋರಾಗಿಯೇ ಮಾತಾಯಿತಂತೆ! ಅದಕ್ಕೇ ಇವತ್ತು ಪಾಸ್ ಪುಸ್ತಕ ಪಕ್ಕಕ್ಕಿಟ್ಟು ಯಾತ್ರೆಯ ಬಗ್ಗೆ ಮಾತಾಡೋಣ.

ಸಾಲ ಕೊಡುವುದು ಬಿಡುವುದು ನಿಮ್ಮ ನಿರ್ಣಯ. ಆದರೆ ಬಡ್ಡಿ ಹೊತ್ತುಕೊಂಡು ಬಾ ಎಂದು ಮೇರಿ ಮಾತೆ ಯಾರನ್ನೂ ಕರೆದಿಲ್ಲ. ಲೂಕನ ಶುಭಸಂದೇಶದಲ್ಲಿ ಆಕೆಯೇ ಕೂಸನ್ನೆತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಹೋದದ್ದನ್ನು ಓದುತ್ತೇವೆ. ಬಾಣಂತನ ಕಳೆದ ತಾಯಿ ಒಂದು ಕುರಿಮರಿ ಒಪ್ಪಿಸಬೇಕು, ಕೈಲಾಗದ ಬಡವಳು ಎರಡು ಹಕ್ಕಿ ತಂದರೆ ಸಾಕು ಎಂಬುದು ಅಂದಿನ ನಿಯಮ. ಆಕೆ ಕೊಟ್ಟದ್ದು ಹಕ್ಕಿಗಳನ್ನೇ. ನೆರೆಯವರ ಮುಂದೆ ಕುರಿಮರಿ ತೋರಿಸಬೇಕೆಂದು ಸಾಲ ಮಾಡಲಿಲ್ಲ.

ವೇಳಾಂಕಣ್ಣಿಯಲ್ಲಿ ನಡೆಯುವ ಸೆಪ್ಟೆಂಬರ್ 8ರ ಹಬ್ಬ, ಮಾತೆಯ ಜನನೋತ್ಸವ, ನಮ್ಮ ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲೂ ನಡೆಯುತ್ತದೆ. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಒಂಬತ್ತು ದಿನ ನೊವೆನಾ, ಕೊನೆಗೆ ತೇರು. ಈಗಿನ ಕಟ್ಟಡ 1882ರದ್ದು. 1973ರಲ್ಲಿ ಪೋಪ್ ಆರನೇ ಪೌಲರು ಬಸಿಲಿಕ ಪದವಿ ಕೊಟ್ಟರು. ಅಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ಹಬ್ಬದಲ್ಲಿ ಕಾವಿ ಸೀರೆಯುಟ್ಟು ಬರುವ ಹೆಂಗಸರಲ್ಲಿ ಹಿಂದೂಗಳೂ ಎಷ್ಟೋ ಮಂದಿ. ನೀನು ಯಾವ ಜಾತಿ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ನನ್ನನ್ನು ಕೇಳಿದರೆ ಹಬ್ಬದ ನೂಕುನುಗ್ಗಲಿಗಿಂತ ಒಂದು ಸಾಧಾರಣ ದಿನ ಹೋಗಿ. ನಾವು ಹೆಂಗಸರು ದೇವಸ್ಥಾನಕ್ಕೆ ಹೋದರೂ ಅವಸರವೇ. ಮೇಣದ ಬತ್ತಿ ಹಚ್ಚಿ, ಕಾಣಿಕೆ ಹಾಕಿ, ನೀರು ಬರುವ ಹೊತ್ತಾಯಿತು ಎಂದು ಓಡಿಬರುತ್ತೇವೆ. ಮನೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ "ಏನಾಯ್ತು, ಹುಷಾರಿಲ್ವಾ?" ಅಂತಾರೆ. ಅಲ್ಲಿ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೂ ಯಾರೂ ಕೇಳುವುದಿಲ್ಲ. ಹತ್ತು ಬೇಡಿಕೆ ಬೇಡ, ಒಂದೇ ವಿಷಯ ಇಟ್ಟುಕೊಂಡು ಕೂರಿ. ಮಗಳ ಓದು ನಿಲ್ಲಿಸಬೇಕೇ? ಎದೆಯ ಗಂಟನ್ನು ಡಾಕ್ಟರಿಗೆ ತೋರಿಸಲು ಯಾಕೆ ಹೆದರಿಕೆ? ಅತ್ತರೂ ಪರವಾಗಿಲ್ಲ. ಅತ್ತಮೇಲೆ ಯೋಚನೆ ತಿಳಿಯಾಗುತ್ತದೆ.

ಗಂಡನ ಕುಡಿತ ಬಿಡಲೆಂದು ಹರಕೆ ಹೊತ್ತವರು ನಿಮ್ಮಲ್ಲೇ ಇದ್ದೀರಿ. ಪ್ರಾರ್ಥಿಸಿ, ನಾವೂ ಪ್ರಾರ್ಥಿಸುತ್ತೇವೆ. ಆದರೆ ಕುಡಿತ ಬಿಡಿಸುವ ಚಿಕಿತ್ಸೆ ನಿಮ್ಹಾನ್ಸ್ ಆಸ್ಪತ್ರೆಯಲ್ಲಿದೆ, ಅದು ನಮಗೆ ದೂರವಲ್ಲ. ಒಬ್ಬ ಸಹೋದರಿ ಮೂರು ವರ್ಷ ಹರಕೆ ತೀರಿಸುತ್ತಲೇ ಇದ್ದರು, ಗಂಡನನ್ನು ಒಮ್ಮೆಯೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಆತನ ಕಣ್ಣು ಹಳದಿಯಾದ ಮೇಲೆ ನಮ್ಮ ಕಚೇರಿಗೆ ಬಂದರು. ಆರೋಗ್ಯ ಮಾತೆ ಎಂದು ಕರೆಯುವ ತಾಯಿಗೆ ಔಷಧಿಯ ಮೇಲೆ ಸಿಟ್ಟಿರುತ್ತದೆಯೇ?

ವೇಳಾಂಕಣ್ಣಿಗೆ ಹೋಗಲೇಬೇಕು ಎನ್ನುವವರು ಈ ತಿಂಗಳಿಂದ ಬೇರೆ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಕೂಡಿಡಿ, ಮುಂದಿನ ವರ್ಷ ಹೋಗಿ. ಹರಕೆ ಒಂದು ವರ್ಷ ಕಾಯುತ್ತದೆ, ಮಕ್ಕಳ ಫೀಸು ಕಾಯುವುದಿಲ್ಲ.

ಶಿವಾಜಿನಗರಕ್ಕೆ ಬರುವವರು ಪ್ರತಿನಿಧಿಗಳ ಹತ್ತಿರ ಹೆಸರು ಕೊಡಿ, ಒಂದು ಬುಧವಾರ ನಾನೂ ಜೊತೆಗೆ ಬರುತ್ತೇನೆ. ಮಾರ್ಕೆಟ್ಟಿನಲ್ಲಿ ಬಸ್ ಬದಲಿಸೋಣ. ದೇವಾಲಯ ಬಸ್ ನಿಲ್ದಾಣದ ಹತ್ತಿರ, ರಸೆಲ್ ಮಾರ್ಕೆಟ್ ಪಕ್ಕದಲ್ಲೇ ಇದೆ. 2023ರ ಜೂನ್‌ನಿಂದ ಸಾಧಾರಣ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲವಲ್ಲ. ಊಟದ ಡಬ್ಬಿ, ನೀರು ತನ್ನಿ. ಆಧಾರ್ ಕಾರ್ಡ್ ಮರೆಯಬೇಡಿ, ಕಂಡಕ್ಟರ್ ಕೇಳುತ್ತಾರೆ.