ಹಾಸಿಗೆ ಕುಗ್ಗಿದಾಗ



ದಾವಣಗೆರೆಯಿಂದ ಹರಿಹರದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಊರು ಬಾತಿ. ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಸೀಮೆ ಇದು. ಇಲ್ಲೂ ಅಂಗಡಿಯಲ್ಲಿ ಅಕ್ಕಿ ರೇಟು ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ಸರಿಯೇ. ಆದರೆ ಒಗೆದಾಗಲೆಲ್ಲ ಹಾಸಿಗೆಯೇ ಗೇಣುಗೇಣು ಕುಗ್ಗಿದರೆ? ಅಡುಗೆ ಎಣ್ಣೆಯ ಪೊಟ್ಟಣವನ್ನೇ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗಬೇಕು. ಈಗ ಅದೇ ಗಾತ್ರದಂತೆ ಕಾಣುವ ಕೆಲವು ಪೊಟ್ಟಣಗಳ ಮೂಲೆಯಲ್ಲಿ 850, 800 ಗ್ರಾಂ ಎಂದಿರುತ್ತದೆ. ಬೆಲೆ ಏರಿದರೆ ಬೈಯಬಹುದು. ತೂಕ ಇಳಿದರೆ ಮಂದಿಗೆ ಗೊತ್ತೇ ಆಗುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಲಿನದು ನೇರ ಲೆಕ್ಕ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಎರಡು ಲೀಟರ್ ತರುವ ಮನೆಗೆ ತಿಂಗಳಿಗೆ 240 ರೂಪಾಯಿ ಹೆಚ್ಚು. ಏರಿದ್ದು ರೈತರಿಗೆ ಮುಟ್ಟುವುದಾದರೆ ತಕರಾರಿಲ್ಲ. ಈ ಖರ್ಚುಗಳ ನಡುವೆ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದ ದಿನ ಮನೆಯಲ್ಲಿ ಉಸಿರಾಟ ಹಗುರಾಗುವುದು ನಿಜ, ಆದರೆ ಆ ಹಣ ಕಿರಾಣಿ ಸಾಲಕ್ಕೋ ಮಕ್ಕಳ ನೋಟ್‌ಬುಕ್ಕಿಗೋ ಮೊದಲೇ ಹಂಚಿಕೆಯಾಗಿರುತ್ತದೆ. ಅತ್ತ ಗೃಹಜ್ಯೋತಿಯ ಉಚಿತ ವಿದ್ಯುತ್ತಿನ 200 ಯೂನಿಟ್ ಮಿತಿ ದಾಟೀತೆಂದು ಫ್ಯಾನಿನ ಸ್ವಿಚ್ಚಿಗಾಗಿ ಅತ್ತೆ-ಸೊಸೆಯರ ಜಗಳ!

ಮತ್ತೆ ಪೊಟ್ಟಣದ ಮಾತಿಗೆ ಬರೋಣ. ಈಗ ಅದರ ಮೇಲೆ ಗ್ರಾಂ ಅಥವಾ ಮಿಲಿ ಲೀಟರಿಗೆ ಎಷ್ಟು ಬೆಲೆ ಎಂದೂ ಮುದ್ರಿಸಬೇಕೆಂಬ ನಿಯಮವಿದೆ. ಆ ಬೆಲೆಯನ್ನು ಓದಿ ಹೋಲಿಸಿ ನೋಡಿ. ಅಕ್ಷರ ಸಾಸಿವೆಯಷ್ಟಿರುತ್ತದೆ, ಕನ್ನಡಕ ಮರೆಯಬೇಡಿ. ಹಿಂದೆ ನಿಂತ ಗಿರಾಕಿ ಗೊಣಗಿದರೆ ಗೊಣಗಲಿ.