ಮರೆವಿನವರಿಗೊಂದು ಕೈತೋಟ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವು ನಗುತ್ತಲೇ ಆಡುತ್ತೇವೆ. ಆದರೆ ಮನೆಯ ಹಿರಿಯರೊಬ್ಬರು ಮಕ್ಕಳ ಹೆಸರನ್ನೂ ನಡೆದ ದಾರಿಯನ್ನೂ ಮರೆಯತೊಡಗಿದಾಗ ಆ ನಗೆ ಉಳಿಯುವುದಿಲ್ಲ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ಸ್ಥಿತಿ ಮುಪ್ಪಿನ ಸಹಜ ಧರ್ಮವಲ್ಲ. ಮಿದುಳಿನ ರೋಗಗಳಿಂದ ಬರುವಂಥದು. 2023ರಲ್ಲಿ ಪ್ರಕಟವಾದ ಅಂದಾಜೊಂದರಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿ ಇದಕ್ಕೆ ಒಳಗಾಗಿದ್ದಾರೆ.

ಅಂಥವರಲ್ಲಿ ನನ್ನ ಅಕ್ಕನೂ ಒಬ್ಬಳು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿರುವ ನಮ್ಮ ಮನೆಗೆ ಹಿಂದೆ ಮಣ್ಣಿನ ಅಂಗಳವಿತ್ತು. ಅಲ್ಲಿನ ಮಲ್ಲಿಗೆ, ದವನ, ತುಳಸಿಗಳೆಲ್ಲ ಅವಳ ಕೈಯಲ್ಲಿ ಬೆಳೆದವು. ಕೆಸರಿನ ಕಾಟವೆಂದು ಅದಕ್ಕೆ ಸಿಮೆಂಟು ಹಾಕಿಸಿದವನು ನಾನು. ಕಾಯಿಲೆ ಕಾಣಿಸಿಕೊಂಡ ಮೇಲೆ, ಸಂಜೆಯಾಯಿತೆಂದರೆ ‘ಮನೆಗೆ ಹೋಗಬೇಕು’ ಎಂದು ಅವಳು ಬಾಗಿಲಿನತ್ತ ನಡೆಯುವಳು. ‘ಇದೇ ನಿನ್ನ ಮನೆ’ ಎಂದು ನಾನು ವಾದಿಸಿ ಅಗುಳಿ ಹಾಕುವೆನು. ಅದರಿಂದ ಅವಳ ಕಳವಳ ಹೆಚ್ಚಿತೇ ಹೊರತು ತಗ್ಗಲಿಲ್ಲ.

ಒಂದು ದಿನ ನೆರೆಮನೆಯ ಹೆಣ್ಣುಮಗಳು ಬಿಡಿ ಮಲ್ಲಿಗೆಯ ಮೊಗ್ಗುಗಳನ್ನು ಅವಳ ಮಡಿಲಿಗೆ ಸುರಿದಳು. ಹೆಸರುಗಳನ್ನು ಮರೆತ ಅಕ್ಕನ ಬೆರಳುಗಳು ಮಾಲೆ ಕಟ್ಟುವುದನ್ನು ಮರೆತಿರಲಿಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನಲ್ಲಿ ಬೇರೆಯೇ ನೆಲೆಯಲ್ಲಿರುವುದರಿಂದ, ಅನೇಕರಲ್ಲಿ ಅದು ಬಹುಕಾಲ ಉಳಿಯುತ್ತದೆ. ಆ ವಾರವೇ ಸಿಮೆಂಟಿನ ಒಂದು ಭಾಗವನ್ನು ಒಡೆಸಿ ಮಲ್ಲಿಗೆಯನ್ನು ಮತ್ತೆ ನೆಡಿಸಿದೆ. ಉಳಿದೆಡೆ ಮಣ್ಣಿನ ಕುಂಡಗಳನ್ನಿಟ್ಟೆ. ಕುಂಬಾರರ ಹೆಸರು ಹೊತ್ತ ಊರಿಗೆ ಅದು ಒಪ್ಪುವುದೂ ಹೌದು. ಈಗ ಸಂಜೆಯ ವೇಳೆ ಅವಳು ಪುಟ್ಟ ತಂಬಿಗೆಯಿಂದ ನೀರೆರೆಯುತ್ತಾಳೆ. ಎರೆದ ಗಿಡಕ್ಕೇ ಮತ್ತೆ ಎರೆದರೂ ನಾನು ತಡೆಯುವುದಿಲ್ಲ. ‘ಮನೆಗೆ ಹೋಗಬೇಕು’ ಎಂಬ ಮಾತು ನಿಂತಿಲ್ಲ, ವಿರಳವಾಗಿದೆ.

ಇದು ನನ್ನೊಬ್ಬನ ಅನುಭವವಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ 17 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ತೋಟದ ಒಡನಾಟದಿಂದ ಇಂಥವರ ತಳಮಳ ತಗ್ಗುವ ಸೂಚನೆಗಳಿವೆ ಎಂದರು. ಆಧಾರ ಇನ್ನೂ ಸಾಲದೆಂದೂ ಎಚ್ಚರಿಸಿದರು.

ಈ ಸಂಕಟವನ್ನು ಕಂಡ ಮನೆಯವರಲ್ಲಿ ನನ್ನದೊಂದು ಬಿನ್ನಹ. ತೋಟ ದೊಡ್ಡದಾಗಬೇಕಿಲ್ಲ, ನಾಲ್ಕು ಕುಂಡಗಳಿದ್ದರೂ ಸಾಕು. ಜಾಗವಿದ್ದರೆ, ನಡೆದವರು ಹೊರಟಲ್ಲಿಗೇ ಮರಳುವಂತೆ ಕಾಲುದಾರಿ ಸುತ್ತಿ ಬರಲಿ. ನೆಲ ಜಾರದಿರಲಿ, ಕೂರಲು ನೆರಳಿರಲಿ. ಕಣಗಿಲೆ, ದತ್ತೂರಿಗಳಂಥ ವಿಷದ ಗಿಡಗಳು ಖಂಡಿತ ಬೇಡ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಅಭ್ಯಾಸ ಈ ಕಾಯಿಲೆಯಲ್ಲಿ ಕೆಲವರಿಗೆ ಬರುತ್ತದೆ. ಜೊತೆಗೆ ಒಬ್ಬರು ಇರಲೇಬೇಕು.

ತೋಟ ಮರೆವನ್ನು ಗುಣಪಡಿಸಲಾರದು. ಆದರೆ ಯಾವ ಗಿಡವೂ ‘ನಾನು ಯಾರು, ಹೇಳು ನೋಡೋಣ’ ಎಂದು ಅಕ್ಕನನ್ನು ಪರೀಕ್ಷಿಸುವುದಿಲ್ಲ. ಪ್ರಶ್ನೆ ಕೇಳುವುದೇ ವೃತ್ತಿಯಾಗಿದ್ದ ನಾನೂ ಈಗ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ಕಟ್ಟಿದ ಮಾಲೆಯನ್ನು ಅವಳು ನೀಡಿದಾಗ ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ.